ದೇವಯ್ಯನವರ ಮಹಾವೀರ ಚಕ್ರಕ್ಕೆ 23 ವರ್ಷ ಏಕೆ ಬೇಕಾಯಿತು?
1965ರ ಯುದ್ಧದಲ್ಲಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ 1988ರವರೆಗೂ ಮಹಾವೀರ ಚಕ್ರ ಸಿಗಲಿಲ್ಲವೇಕೆ, ದೇಶ ಅವರನ್ನು ಮರೆತಿತ್ತೇ ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿದ್ದ ನಾನು ಪ್ರತಿ ಸೆಪ್ಟೆಂಬರ್ 7ರಂದು ಅವರ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಮಕ್ಕಳೂ ಇದನ್ನೇ ಕೇಳುತ್ತಿದ್ದರು. ಮರೆತದ್ದಲ್ಲ, ಅಂದು ನಡೆದದ್ದನ್ನು ಕಂಡವರು ನಮ್ಮ ಕಡೆ ಒಬ್ಬರೂ ಇರಲಿಲ್ಲ.

ಕೊಡಗಿನಲ್ಲಿ 1932ರ ಡಿಸೆಂಬರ್ 24ರಂದು ಹುಟ್ಟಿದ ದೇವಯ್ಯನವರು 1954ರಲ್ಲಿ ವಾಯುಪಡೆಗೆ ಸೇರಿ, ಮುಂದೆ ಹಾರಾಟ ಕಲಿಸುವ ಬೋಧಕರಾದರು. ಯುದ್ಧ ಬಂದಾಗ ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿಗೆ ನಿಯೋಜಿತರಾದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ತನೇಜಾ ಅವರ ನೇತೃತ್ವದಲ್ಲಿ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಾಗ ಅವರ ಹೆಸರಿದ್ದದ್ದು ಮೀಸಲು ಪಟ್ಟಿಯಲ್ಲಿ. ತಂಡದ ಒಂದು ವಿಮಾನ ಹೊರಗುಳಿದದ್ದರಿಂದ ಅವರು ಆ ಜಾಗ ತುಂಬಿದರು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಯುದ್ಧವಿಮಾನ ದೇವಯ್ಯನವರ ಬೆನ್ನು ಹತ್ತಿತು. ಮಕ್ಕಳಿಗೆ ಅರ್ಥವಾಗಲೆಂದು ನಾನು ಒಂದು ಲೆಕ್ಕ ಹೇಳುತ್ತಿದ್ದೆ: ಚಿಕ್ಕಮಗಳೂರಿನಿಂದ ಹಾಸನಕ್ಕೆ ಸುಮಾರು 60 ಕಿಲೋಮೀಟರ್, ಎತ್ತರದಲ್ಲಿ ಪೂರ್ಣ ವೇಗದಿಂದ ಹಾರುವ ಸ್ಟಾರ್‌ಫೈಟರಿಗೆ ಅಷ್ಟು ದೂರಕ್ಕೆ ಎರಡು ನಿಮಿಷವೂ ಬೇಡ, ಶಬ್ದದ ವೇಗ ದಾಟಲು ಹೆಣಗುವ ಮಿಸ್ಟೇರಿಗೆ ಮೂರು ನಿಮಿಷ ಮೀರುತ್ತದೆ. ಓಡಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಆದರೆ ಸ್ಟಾರ್‌ಫೈಟರಿನ ರೆಕ್ಕೆ ಮೋಟು, ತಿರುಗಲು ಅದಕ್ಕೆ ವಿಶಾಲವಾದ ಜಾಗ ಬೇಕು. ನೆಲಕ್ಕೆ ಹತ್ತಿರದ ಸೆಣಸಾಟದಲ್ಲಿ ಮಿಸ್ಟೇರ್ ಅದಕ್ಕಿಂತ ಚುರುಕಾಗಿ ಹೊರಳಬಲ್ಲದು. ಗುಂಡೇಟಿಗೆ ಸಿಕ್ಕಿದ ವಿಮಾನ ಇನ್ನು ಬಿದ್ದೀತೆಂದು ಅಮ್ಜದ್ ಬೇರೆಡೆ ಗಮನ ಹರಿಸಿದಾಗ, ದೇವಯ್ಯನವರು ಅದೇ ಪೆಟ್ಟು ತಿಂದ ವಿಮಾನವನ್ನು ತಿರುಗಿಸಿ ತಮ್ಮ ಫಿರಂಗಿಗಳಿಂದ ಸ್ಟಾರ್‌ಫೈಟರಿಗೆ ಹೊಡೆದರು. ಅಮ್ಜದ್ ಹೊರಕ್ಕೆ ಹಾರಿ ಬದುಕಿದರು. ದೇವಯ್ಯನವರು ಮರಳಲಿಲ್ಲ.

ತಂಡದವರು ಆಗಲೇ ಆದಂಪುರದ ದಾರಿ ಹಿಡಿದಿದ್ದರು. ನಮ್ಮ ದಾಖಲೆಯಲ್ಲಿ ಉಳಿದದ್ದು ‘ಕಾಣೆಯಾದವರು’ ಎಂಬ ಮಾತು ಮಾತ್ರ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಆ ಯುದ್ಧದ ಕುರಿತು ಬರೆದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕ 1979ರಲ್ಲಿ ಹೊರಬಂದಾಗ, ಮಿಸ್ಟೇರ್ ಒಂದು ಸ್ಟಾರ್‌ಫೈಟರನ್ನು ಉರುಳಿಸಿದ ಸಂಗತಿ ಬೆಳಕಿಗೆ ಬಂತು. ಮರಳದ ಮಿಸ್ಟೇರ್ ಯಾವುದೆಂದು ನಮ್ಮವರು ತಾಳೆ ನೋಡಿದಾಗ ಉತ್ತರ ಸಿಕ್ಕಿತು. ತನೇಜಾ ಅವರೂ ಪಟ್ಟು ಹಿಡಿದರು. 1988ರಲ್ಲಿ ಪತ್ನಿ ಸುಂದರಿ ದೇವಯ್ಯನವರು ಪದಕ ಸ್ವೀಕರಿಸಿದರು.

ಮೊದಲ 14 ವರ್ಷಗಳಿಗೆ ನಾನು ಯಾರನ್ನೂ ದೂರುವುದಿಲ್ಲ. ಸಾಕ್ಷಿಯಿಲ್ಲದೆ ಶೌರ್ಯಪದಕ ಕೊಡಲಾಗದು. ಆದರೆ ಎದುರಾಳಿಯ ಕಡೆಯಿಂದಲೇ ಸಾಕ್ಷಿ ಬಂದ ಮೇಲೂ ಮತ್ತೆ 9 ವರ್ಷ ಹಿಡಿದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.