ಅವರು ಒಮ್ಮೆ ಅಷ್ಟ ಕೇಳ್ತಾರ

ತಂಗೀ, ವಂದನೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದು ಆರು ವಾರ ಆತು, ಚರ್ಚಿನ ಸಭೆಯವರು ರಿಗಿ ಗುಡ್ಡಕ್ಕ ಒಂದ ದಿನದ ಪ್ರವಾಸಕ್ಕ ಕರದಾರ, ಹೋಗ್ಲೋ ಬ್ಯಾಡೋ, ಏನ ಹಾಕ್ಕೋಬೇಕು, ಎಲ್ಲಾರಿಗೂ ರೊಟ್ಟಿ ಕಟಗೊಂಡ ಹೋಗ್ಲೇನು ಅಂತ ಕೇಳಿದಿ. ಹೋಗು. ಬಾಗಲಕೋಟಿ ಹುಡುಗಿ ಒಬ್ಬಾಕಿ ಇಲ್ಲಿ ಚರ್ಚಿನ್ಯಾಗ ಕುಂದರ್ತಾಳ ಅಂತ ಓದಿ ನನ್ನ ಎದಿ ತುಂಬಿ ಬಂತು.

ಚಳಿಗೆ ಒಂದ ಜಾಕೆಟ್ ಸಾಕು. ಹಾಲ್ಬ್‌ಟಾಕ್ಸ್ ಅಂತ ಅರ್ಧ ದರದ ಕಾರ್ಡ್ ಮಾಡಿಸಿಕೋ, ಗುಡ್ಡದ ರೈಲಿನ ತಿಕೀಟೂ ಅರ್ಧ ಆಗ್ತದ. ಬೂಟಿನ ತಳ ಒರಟ ಇರ್ಲಿ. ದಾರಿಯೊಳಗಿನ ಹಳದಿ ಫಲಕದ ಮ್ಯಾಲೆ ಕಿಲೋಮೀಟರ್ ಇರೂದಿಲ್ಲ, ತಾಸು-ನಿಮಿಷ ಬರದಿರ್ತಾರ. ಕುಂತು ದಣಿವಾರಿಸಿಕೊಳ್ಳೋ ಹೊತ್ತು ಅದರಾಗ ಸೇರಿರೂದಿಲ್ಲ.

ಇನ್ನ ರೊಟ್ಟಿ. ಅಲ್ಲೆ ಎಲ್ಲಾರೂ ತಂತಮ್ಮ ಚೀಲದಾಗಿಂದ ತಗದು ತಿಂತಾರ. ನೀ ನಾಕ ಹೆಚ್ಚಿಗಿ ಒಯ್ಯಿ, ಶೇಂಗಾ ಚಟ್ನಿ ಹಚ್ಚಿ ಕೊಡು. ಆದ್ರ ಅವರು ಬ್ಯಾಡ ಅಂದ್ರ ಬ್ಯಾಡನ. ಇದನ್ನ ತಿಳಕೊಳ್ಳಾಕ ನನಗ ಭಾಳ ವರ್ಷ ಹಿಡೀತು.

ನನ್ನ ಮೊದಲನೇ ಪ್ರವಾಸನೂ ರಿಗಿಗೇ. ಗುಳೇದಗುಡ್ಡದಾಕಿ ನಾನು, ಸಣ್ಣಾಕಿ ಇದ್ದಾಗಿಂದ ಕಲ್ಲು ಹತ್ತಿ ಇಳದಾಕಿ. ವಿಟ್ಸ್‌ನೌದಿಂದ ರೈಲು, ಹಳಿ ನಡುವ ಇನ್ನೊಂದು ಹಲ್ಲಿನ ಹಳಿ, 1871ರಾಗ ಶುರುವಾದದ್ದು. 1,797 ಮೀಟರ್ ಎತ್ತರದ ತುದಿಗೆ ಹೋಗಿ ಅಲ್ಲಿಂದ ಕಾಲ್ಟ್‌ಬಾಡ್‌ ತನಕ ನಡಕೋತ ಇಳಿಯೂದು. ಹತ್ತೂದಕ್ಕಿಂತ ಇಳಿಯೂದ ಕಠಿಣ. ಅರ್ಧ ದಾರಿಗೇ ಮೊಣಕಾಲು ನಡಗಾಕ ಹತ್ತಿದ್ವು. ಶ್ಟಾಫೆಲ್ ಸ್ಟೇಷನ್ ಬಂದಾಗ ಜೋಡಿ ಇದ್ದ ವಯಸ್ಸಾದ ಬಾಯಿಯವರು ಕೇಳಿದ್ರು, "ರೈಲಿನ್ಯಾಗ ಹೋಗೂಣೇನು?" ನಾನು "ಏನಿಲ್ರಿ, ಆರಾಮ ಅದೀನಿ" ಅಂದೆ. ಇನ್ನೊಮ್ಮೆ ಕೇಳ್ತಾರ, ಆಗ ಹೂಂ ಅನ್ನೂಣು ಅಂತ ಮನಸಿನ್ಯಾಗ. ಅವರು ಕೇಳಲಿಲ್ಲ, ನನ್ನ ಮಾತು ನಂಬಿದ್ರು. ನಮ್ಮ ಕಡೆ ಮೂರು ಸಲ ಒಲ್ಲೆ ಅಂದ್ರೂ ತಾಟಿಗೆ ರೊಟ್ಟಿ ಬೀಳ್ತದಲ್ಲ, ಆ ರೂಢಿ ನಂದು. ಕಾಲ್ಟ್‌ಬಾಡ್‌ ಮುಟ್ಟೂದ್ರಾಗ ಕಣ್ಣೀರು ಬಂದಿದ್ವು.

ಕಾಲು ನಾಕ ದಿನಕ್ಕ ಆರಾಮ ಆತು. ಉಳದದ್ದು ಬ್ಯಾರೆ. ಇಳಿಯೋವಾಗ ನಾನು ಊರ ಹೆಸರು ಹೇಳಿದ ಕೂಡಲೇ ಆ ಬಾಯಿಯವರು ನಿಂತರು. ಮಿಷನ್ನಿನವರ ಹಳೇ ಪುಸ್ತಕದಾಗ ಆ ಹೆಸರು ಓದಿದ್ರಂತ. ಕ್ರೈಸ್ತ ಧರ್ಮ ಸಾರಾಕ ಹೊಂಟ ಬಾಸೆಲ್ ಮಿಷನ್ನಿನವರು 1834ರಾಗ ಮಂಗಳೂರಿಗೆ ಬಂದು, 1851ರಾಗ ನಮ್ಮ ಗುಳೇದಗುಡ್ಡದಾಗ ಠಾಣೆ ಹೂಡಿದ್ರಲ್ಲ. ನಮ್ಮ ಊರಾಗ ಖಣ ನೇಯ್ತಾರ ಅಂತ ನಾ ಹೇಳಿದ್ದಕ್ಕ, "ಮುಂದಿನ ವಾರ ಮನಿಗೆ ಬಾ, ಆ ಬಟ್ಟಿ ತೋರಸು" ಅಂದ್ರು. "ಇರ್ಲಿ ಬಿಡ್ರಿ, ನಿಮಗ್ಯಾಕ ತ್ರಾಸು" ಅಂದೆ ನಾನು. ಸಂಕೋಚ ಅಷ್ಟ. ಅವರಿಗೆ ಅದು ಒಲ್ಲೆ ಅಂದಂಗ ಕೇಳಿಸಿತು. ಪ್ರತಿ ಐತವಾರ ನಗತಿದ್ರು, ಕೈ ಹಿಡದು ಮಾತಾಡಸ್ತಿದ್ರು, ಮನಿ ಮಾತು ಮತ್ತ ತಗೀಲಿಲ್ಲ. ನಾನಾಗೇ ಕೇಳೂಣು ಅಂತ ಧೈರ್ಯ ಬರೂದ್ರಾಗ ಮಗಳ ಊರಿಗೆ ಹೋಗಿಬಿಟ್ಟಿದ್ರು. ಬರದ ಕಾಗದಕ್ಕ ಉತ್ತರ ಬರಲಿಲ್ಲ.

ತಂಗೀ, ಕಾಲು ನೊಂದ್ರ ನೊಂದಾವು ಅನ್ನು. ಕಾಫಿಗೆ ಕರದ್ರ ಮೊದಲನೇ ಸಲಕ್ಕೇ ಹೂಂ ಅನ್ನು. ಮತ್ತ ಊರಿಂದ ಖಣ ತಂದಿದ್ರ ಒಂದ ತುಣುಕು ಚೀಲದಾಗ ಇಟ್ಟಕೊಂಡ ಹೋಗು.