ಮೂಸಿ ನೋಡಿದರೆ ಗೊತ್ತಾಗುವ ವಿಷಯ ಅಲ್ಲ ಇದು

ಪ್ರಶ್ನೆ: ಮನೆ ಕಟ್ಟಲು ನೋಡಿರುವ ಜಾಗದಲ್ಲಿ ಮೊದಲು ಪೆಟ್ರೋಲ್ ಬಂಕ್ ಇತ್ತು. ಮುಚ್ಚಿ 12 ವರ್ಷವಾಗಿದೆ, ಟ್ಯಾಂಕ್‌ಗಳನ್ನೂ ತೆಗೆದಿದ್ದಾರಂತೆ. ಮೂಲೆಯಲ್ಲಿ ಎರಡು ಅಡಿ ಅಗೆದು ಮೂಸಿ ನೋಡಿದೆವು, ವಾಸನೆ ಬರಲಿಲ್ಲ. ಪಕ್ಕದ ಬಾವಿ ನೀರನ್ನು ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೂ ಕೊಟ್ಟಿದ್ದೇವೆ. ಇಷ್ಟು ಸಾಕಲ್ವಾ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಸಾಲದು. ನೀವು ಅಗೆದದ್ದು ಮೂಲೆಯಲ್ಲಿ, ಅದೂ ಎರಡೇ ಅಡಿ. ಬಂಕಿನ ಟ್ಯಾಂಕಿನ ತಳ ಸಾಮಾನ್ಯವಾಗಿ ಮೂರು ನಾಲ್ಕು ಮೀಟರ್ ಆಳದಲ್ಲಿರುತ್ತದೆ, ಸೋರಿದ್ದು ಅಲ್ಲಿಂದ ಇನ್ನೂ ಕೆಳಕ್ಕೇ ಇಳಿಯುತ್ತದೆ. ಟ್ಯಾಂಕ್ ತೆಗೆದರೂ ನೆನೆದ ಮಣ್ಣು ಅಲ್ಲೇ ಉಳಿದಿರಬಹುದು.

ಮೊದಲು ಹಳೆಯ ನಕ್ಷೆ ಹುಡುಕಿ. ಅದಕ್ಕಿಂತ ಒಳ್ಳೆಯದು, ಆ ಬಂಕಿನಲ್ಲಿ ಗಾಡಿಗಳಿಗೆ ಪೆಟ್ರೋಲ್ ಹಾಕುತ್ತಿದ್ದವರು ಯಾರಾದರೂ ಸಿಕ್ಕರೆ ಒಂದು ಗಂಟೆ ಕೂರಿಸಿಕೊಂಡು ಮಾತಾಡಿಸಿ. ಟ್ಯಾಂಕರ್ ಎಲ್ಲಿ ನಿಲ್ಲುತ್ತಿತ್ತು, ಯಾವ ಪಂಪಿನ ಕೆಳಗೆ ರಿಪೇರಿಗೆ ಅಗೆದಿದ್ದರು, ಹಳೆ ಆಯಿಲ್ ಎಲ್ಲಿ ಸುರಿಯುತ್ತಿದ್ದರು ಅಂತ ಕೇಳಿ. ಸೋರಿಕೆ ಟ್ಯಾಂಕಿನಲ್ಲಷ್ಟೇ ಅಲ್ಲ, ಪೈಪಿನ ಜಾಯಿಂಟಿನಲ್ಲಿ, ಪಂಪಿನ ಬುಡದಲ್ಲಿ, ಟ್ಯಾಂಕಿಗೆ ತುಂಬಿಸುವ ಬಾಯಿಯ ಹತ್ತಿರವೂ ಆಗುತ್ತದೆ. ಅಲ್ಲೆಲ್ಲ ನೀರು ಸಿಗುವ ತನಕ ಕೊರೆಸಬೇಕು. ಕೊರೆಯುತ್ತಾ ಹೋದ ಹಾಗೆ ಒಂದೊಂದು ಆಳದ ಮಣ್ಣನ್ನೂ ಕವರಿಗೆ ಹಾಕಿ, ಬಾಯಿ ಕಟ್ಟಿ, ಸ್ವಲ್ಪ ಹೊತ್ತು ಬಿಟ್ಟು, ಪಿಐಡಿ ಅನ್ನುವ ಕೈ ಮೀಟರಿನಿಂದ ಒಳಗಿನ ಆವಿ ನೋಡುತ್ತಾರೆ. ಮೀಟರ್ ಜಾಸ್ತಿ ತೋರಿಸಿದ ಆಳದ ಮಣ್ಣು ಲ್ಯಾಬಿಗೆ ಹೋಗುತ್ತದೆ. ಡೀಸೆಲ್ ಅಷ್ಟಾಗಿ ಆವಿಯಾಗುವುದಿಲ್ಲ, ಹಾಗಾಗಿ ಮೀಟರ್ ಸುಮ್ಮನಿದ್ದರೂ ಡೀಸೆಲ್ ಟ್ಯಾಂಕ್ ಇದ್ದ ಕಡೆಯ ಮಣ್ಣನ್ನು ಬಿಡಬೇಡಿ.

ಇನ್ನು ನೀರು. ಪಕ್ಕದ ಬಾವಿ ಒಂದನ್ನೇ ನಂಬಬೇಡಿ. ನೆಲದೊಳಗಿನ ನೀರಿಗೂ ಒಂದು ಹರಿವಿದೆ. ಆ ಹರಿವಿನಲ್ಲಿ ಬಾವಿ ಬಂಕಿಗಿಂತ ಮೇಲ್ಗಡೆ ಇದ್ದರೆ ಅದರ ನೀರು ಚೊಕ್ಕಟವಾಗಿರಬಹುದು, ಕೆಳಗಡೆಯವರ ಬಾವಿ ಕೆಟ್ಟಿರಬಹುದು. ಹರಿವಿನ ದಿಕ್ಕು ತಿಳಿಯಲು, ನೀರಿನ ಮಟ್ಟ ಹೋಲಿಸಿ ನೋಡುವುದಕ್ಕೆ ಕೊರೆದ ತೂತುಗಳಲ್ಲಿ ಇಳಿಸಿದ, ಒಂದೇ ಸಾಲಿನಲ್ಲಿಲ್ಲದ ಮೂರು ಕೊಳವೆಗಳಾದರೂ ಬೇಕು. ಪೆಟ್ರೋಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಅದಕ್ಕೇ ಕೊಳವೆಯ ತೂತುಗಳು ನೀರಿನ ಮಟ್ಟದ ಮೇಲೂ ಕೆಳಗೂ ಇರಬೇಕು, ಪೂರ್ತಿ ಕೆಳಗೇ ಇದ್ದರೆ ತೇಲುವ ಪೆಟ್ರೋಲ್ ಒಳಗೆ ಬರುವುದೇ ಇಲ್ಲ. ಒಮ್ಮೊಮ್ಮೆ ಪಾರದರ್ಶಕ ಬೇಲರ್ (ಕೊಳವೆಯಿಂದ ನೀರು ಎತ್ತುವ ಉದ್ದನೆಯ ನಳಿಗೆ) ಇಳಿಸಿ ಎತ್ತಿದರೆ ನೀರಿನ ಮೇಲೆ ಬೆರಳು ದಪ್ಪದ ಪೆಟ್ರೋಲ್ ನಿಂತಿರುತ್ತದೆ (ಆಗ ಬೀಡಿ ಸಿಗರೇಟಿನವರನ್ನು ದೂರ ಕಳಿಸಿ). ನೀರು ಇಳಿದಾಗ ಪೆಟ್ರೋಲೂ ಇಳಿದು ಮಣ್ಣಿಗೆ ಅಂಟಿಕೊಳ್ಳುತ್ತದೆ, ನೀರು ಏರಿದಾಗ ಅಲ್ಲೇ ಮುಳುಗಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನೀರು ಮೇಲಿದ್ದಾಗ ಒಮ್ಮೆ, ಕೆಳಗಿದ್ದಾಗ ಒಮ್ಮೆ ನೋಡಿಸಿ.

ನಿಮ್ಮ ಬಾಟಲಿ ವಿಷಯ ಹೇಳಲೇಬೇಕು. ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿಸಿದ್ದರೆ ಪೆಟ್ರೋಲಿನಲ್ಲಿರುವ ಬೆಂಜೀನ್ ಅನ್ನುವ ವಿಷ ಆ ಖಾಲಿ ಜಾಗಕ್ಕೆ ಹಾರಿ, ಮುಚ್ಚಳ ತೆಗೆದ ಕೂಡಲೇ ಹೋಗಿಬಿಡುತ್ತದೆ. ಇದಕ್ಕೆ 40 ಮಿಲಿಲೀಟರಿನ ಗಾಜಿನ ಸೀಸೆ ಬೇಕು. ತುಂಬಿಸಿ, ಮುಚ್ಚಿ, ತಲೆಕೆಳಗು ಮಾಡಿದಾಗ ಒಂದು ಗುಳ್ಳೆಯೂ ಕಾಣಬಾರದು. ಆಮೇಲೆ ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು. ಲ್ಯಾಬಿನಲ್ಲಿ ‘ನೀರಿನ ಟೆಸ್ಟ್’ ಅಂದರೆ ಗಡಸುತನ, ಉಪ್ಪು, ಬ್ಯಾಕ್ಟೀರಿಯಾ ನೋಡಿ ಕೊಡುತ್ತಾರೆ, ಅಷ್ಟೇ. ಬೆಂಜೀನ್, ಟಾಲ್ಯೂಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್, ಎಂಟಿಬಿಇ ಅಂತ ಹೆಸರು ಹೇಳಿ ಕೇಳಿ, ಇವೆಲ್ಲ ಪೆಟ್ರೋಲಿನಲ್ಲಿ ಇರುವ ಅಥವಾ ಅದಕ್ಕೆ ಬೆರೆಸುವ ರಾಸಾಯನಿಕಗಳು. ಬಂಕ್ ತುಂಬಾ ಹಳೆಯದಾದರೆ ಸೀಸವನ್ನೂ (ಲೆಡ್) ಸೇರಿಸಿ, ಹಿಂದೆ ಪೆಟ್ರೋಲಿಗೆ ಅದನ್ನು ಬೆರೆಸುತ್ತಿದ್ದರು.

ವಾಸನೆಯ ಮಾತು. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಮೂಗಿಗೆ ತಿಳಿಯಬೇಕಾದರೆ ಅದರ ಎಷ್ಟೋ ಪಟ್ಟು ಇರಬೇಕು. ಬೆಂಜೀನ್ ರಕ್ತದ ಕ್ಯಾನ್ಸರ್ ತರುವಂಥದ್ದು.

ಮನೆ ಕಟ್ಟುವುದಾದರೆ ಮಣ್ಣಿನೊಳಗಿನ ಆವಿಯನ್ನೂ ಅಳೆಸಿ, ಅದು ನೆಲದ ಬಿರುಕಿನಿಂದ ಕೋಣೆಗೆ ಬರುತ್ತದೆ. ಇದೆಲ್ಲ ಅಡ್ವಾನ್ಸ್ ಕೊಡುವ ಮೊದಲೇ ಆಗಲಿ. ಅಲ್ಲಿಯ ತನಕ ಆ ಬಾವಿ ನೀರು ಕುಡಿಯಬೇಡಿ. ಕುದಿಸಿದರೆ ಸರಿಹೋಗುತ್ತೆ ಅಂತ ಒಲೆ ಮೇಲೂ ಇಡಬೇಡಿ, ಆವಿ ಅಡುಗೆಮನೆ ತುಂಬಿಕೊಳ್ಳುತ್ತದೆ.