ನೇಕಾರ ಅಲ್ಲ, ಹಾವು

ನಮಸ್ಕಾರ,

ಯುರೋಪಿನ ಕಡಲಲ್ಲಿ ಮರಳೊಳಗೆ ಹೂತುಕೊಂಡಿರುವ, ವಿಷದ ಮುಳ್ಳಿನ ವೀವರ್ ಮೀನಿನ ಹೆಸರಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ಉತ್ತರ ಕೊಟ್ಟು ಸುಮ್ನಾಗಲು ಮನಸ್ಸು ಬರಲಿಲ್ಲ. ವಿಷಯ ಅಷ್ಟು ಚೆನ್ನಾಗಿದೆ.

ಮುಖ್ಯ ತಕರಾರು ಮೊದಲು. ವೀವರ್ ಅಂದರೆ ನೇಕಾರ ಎಂದಿದ್ದೀರಿ. ಮೀನು ಮರಳಿನೊಳಗೆ ಲಾಳಿಯ ಹಾಗೆ ನುಗ್ಗುತ್ತದೆ, ಅದಕ್ಕೇ ಇಂಗ್ಲೆಂಡಿನ ಮೀನುಗಾರರು ಹಾಗೆ ಕರೆದರು ಅನ್ನುವುದು ನಿಮ್ಮ ವಿವರಣೆ. ಓದಲು ಚೆಂದ, ಆದರೆ ನಿಜ ಅಲ್ಲ. ಇಂಗ್ಲಿಷಿನಲ್ಲಿ ನೇಕಾರ ಮತ್ತು ಈ ಮೀನು, ಎರಡಕ್ಕೂ ಉಚ್ಚಾರ ಒಂದೇ. ಬರೆಯುವಾಗ ನಡುವಿನ ಒಂದು ಅಕ್ಷರ ಬೇರೆ, ಬೇರಂತೂ ಪೂರ್ತಿ ಬೇರೆ.

ಮೀನಿನ ಹೆಸರು ಬಂದಿದ್ದು ಉತ್ತರ ಫ್ರಾನ್ಸಿನ ಹಳೆಯ ಮಾತಿನ 'ವಿವ್ರ್' ಎಂಬ ಪದದಿಂದ. ಅದರ ಹಿಂದೆ ಇರುವುದು ಲ್ಯಾಟಿನ್ನಿನ 'ವಿಪೆರಾ'. ಅಂದರೆ ವೈಪರ್, ನಮ್ಮ ಕೊಳಕುಮಂಡಲ ಸೇರುವ ಗುಂಪಿನ ವಿಷದ ಹಾವು. ಪ್ಯಾರಿಸ್ ಕಡೆಯ ಫ್ರೆಂಚಿನಲ್ಲಿ ಇದೇ ಪದ 'ಗಿವ್ರ್' ಆಯಿತು. ಉತ್ತರದಲ್ಲಿ 'ವ' ಇದ್ದಲ್ಲಿ ಪ್ಯಾರಿಸ್ ಕಡೆ 'ಗ' ಬರುವುದು ಇದೊಂದೇ ಪದದಲ್ಲಿ ಅಲ್ಲ. ಇಂಗ್ಲಿಷಿನಲ್ಲಿ ಯುದ್ಧಕ್ಕೆ 'ವಾರ್', ಫ್ರೆಂಚಿನಲ್ಲಿ 'ಗೆರ್'. ಅಲ್ಲೂ ಇದೇ ಕಥೆ. ಒಂದು ಹೆಸರಿನ ಹುಟ್ಟು ಹೇಳುವಾಗ ಓದುಗರು ಇಂಥ ಆಧಾರ ಕೇಳುತ್ತಾರೆ. ನಿಮ್ಮ ಲಾಳಿಗೆ ಅಂಥದ್ದು ಏನಿದೆ ಹೇಳಿ?

ಇದೇ 'ವಿವ್ರ್' ಪದಕ್ಕೆ ಇನ್ನೊಂದು ಕುಡಿಯೂ ಇದೆ. ಯುರೋಪಿನ ಹಳೆಯ ಲಾಂಛನಗಳಲ್ಲಿ ಎರಡು ಕಾಲು, ಎರಡು ರೆಕ್ಕೆಯ ಡ್ರ್ಯಾಗನ್ ಇರುತ್ತದಲ್ಲ, 'ವೈವರ್ನ್', ಅದು. ಮರಳಲ್ಲಿ ಹೂತುಕೊಂಡಿರುವ ಗೇಣುದ್ದದ ಮೀನಿಗೂ ಗುರಾಣಿಯ ಮೇಲಿನ ಡ್ರ್ಯಾಗನ್ನಿಗೂ ಹೆಸರಿನಲ್ಲಿ ನೆಂಟಸ್ತನ! ನಾನಾಗಿದ್ದರೆ ಲೇಖನವನ್ನು ಇಲ್ಲಿಂದಲೇ ಶುರು ಮಾಡುತ್ತಿದ್ದೆ.

ಹೀಗೆ ಎಡವಿದವರು ನೀವೊಬ್ಬರೇ ಅಲ್ಲ. ಫ್ರೆಂಚರು ಈಗ ಈ ಮೀನನ್ನು 'ವೀವ್' ಅನ್ನುತ್ತಾರೆ. ಆ ಪದಕ್ಕೆ ಜೀವಂತ, ಚುರುಕು ಎಂಬ ಅರ್ಥವೂ ಇದೆ. ಹಾಗಾಗಿ, ನೀರಿನಿಂದ ತೆಗೆದ ಮೇಲೂ ಬಹಳ ಹೊತ್ತು ಬದುಕಿರುತ್ತದೆ, ಅದಕ್ಕೇ ಈ ಹೆಸರು ಎಂಬ ವಿವರಣೆ ಹುಟ್ಟಿಕೊಂಡಿತು. ಹಾವು ಮರೆತುಹೋಗಿ, ಹೆಸರು ಪಕ್ಕದ ಪರಿಚಿತ ಪದದ ಜೊತೆ ಸೇರಿಕೊಂಡಿತು. ನಿಮ್ಮ ನೇಕಾರನನ್ನು ಇದರ ಪಕ್ಕದಲ್ಲಿ ಒಂದು ಸಾಲಿನಲ್ಲಿ ಕೂರಿಸಿ. ಶೀರ್ಷಿಕೆಯಿಂದ ಮಾತ್ರ ಇಳಿಸಿ.

ಬರೆಯುವ ಮೊದಲು ಅಕ್ಕಪಕ್ಕದ ಭಾಷೆಗಳನ್ನು ನೋಡಿದ್ದರೆ ನಿಮಗೇ ಅನುಮಾನ ಬರುತ್ತಿತ್ತು. ಗ್ರೀಕರಿಗೆ ಇದು ಇವತ್ತಿಗೂ 'ದ್ರಾಕೈನ', ಹೆಣ್ಣು ಡ್ರ್ಯಾಗನ್. ಪೋರ್ಚುಗೀಸರಿಗೆ ಜೇಡ ಮೀನು, ಸ್ಪೇನಿನವರಿಗೆ ಬರೀ ಜೇಡ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಕೂಡ ಬೆನ್ನಿನ ಮುಳ್ಳಿನಿಂದ ಕಾಟ ಕೊಡುವ 'ಜೇಡ'ನ ಬಗ್ಗೆ ಬರೆದಿದ್ದಾನೆ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ದೊಡ್ಡ ವೀವರ್‌ಗೆ ಟ್ರಾಕಿನಸ್ ಡ್ರಾಕೊ ಎಂದು ಹೆಸರಿಟ್ಟ. ಮತ್ತೆ ಡ್ರ್ಯಾಗನ್! 1829ರಲ್ಲಿ ಫ್ರೆಂಚ್ ಪ್ರಾಣಿವಿಜ್ಞಾನಿ ಕುವಿಯೇ ಚಿಕ್ಕ ವೀವರ್‌ಗೆ 'ವಿಪೆರಾ' ಎಂಬ ಹೆಸರು ಕೊಟ್ಟ. ಅದರ ಈಗಿನ ಪೂರ್ತಿ ಹೆಸರು ಎಕಿಇಕ್ತಿಸ್ ವಿಪೆರಾ. ಗ್ರೀಕಿನ 'ಎಕಿಸ್' ಕೂಡ ವೈಪರ್ ಹಾವೇ. ಅಂದರೆ ಒಂದೇ ಹೆಸರಲ್ಲಿ ಎರಡು ಸಲ ಹಾವು.

ಹಾಗಂತ ಎಲ್ಲರೂ ವಿಷ ನೋಡಿಯೇ ಹೆಸರಿಟ್ಟರು ಎಂದು ಬರೆದುಬಿಡಬೇಡಿ. ಜರ್ಮನರಿಗೆ ಇದು 'ಪೀಟರ್‌ಮೆನ್‌ಶೆನ್', ಪುಟ್ಟ ಪೀಟರ್. ಡಚ್ಚರ 'ಪೀಟರ್‌ಮನ್' ಕೂಡ ಹಾಗೇ. ಸಂತ ಪೀಟರ್ ಮೀನುಗಾರರ ರಕ್ಷಕ. ಇಲ್ಲಿ ಹಾವೂ ಇಲ್ಲ, ಜೇಡವೂ ಇಲ್ಲ. ವಾದಕ್ಕೆ ಒಗ್ಗದ ಹೆಸರನ್ನು ಬಚ್ಚಿಟ್ಟರೆ ಗೊತ್ತಿರುವ ಓದುಗರು ತಕ್ಷಣ ಹಿಡಿಯುತ್ತಾರೆ.

'ವಿಪೆರಾ' ಬಗ್ಗೆ ಇನ್ನೊಂದು ಮಾತು. ಜೀವಂತ ಮರಿ ಹಾಕುವುದು ಎಂಬ ಅರ್ಥದಿಂದ ಈ ಪದ ಬಂತು ಎಂದು ಹಿಂದಿನಿಂದಲೂ ಹೇಳುತ್ತಾರೆ. ಅನೇಕ ವೈಪರ್‌ಗಳು ಮರಿ ಹಾಕುವುದು ನಿಜ. ವೀವರ್ ಮಾತ್ರ ಮೊಟ್ಟೆ ಇಡುತ್ತದೆ, ಆ ಮೊಟ್ಟೆಗಳು ನೀರಲ್ಲಿ ತೇಲಿಕೊಂಡಿರುತ್ತವೆ. ಮರಿ ಹಾಕುವ ಹಾವಿನ ಹೆಸರು ಮೊಟ್ಟೆ ಇಡುವ ಮೀನಿಗೆ ಅಂಟಿಕೊಂಡಿದೆ. ಸಿಕ್ಕಿದ್ದು ಮುಳ್ಳಿನ ಉರಿಯಿಂದ, ಅಷ್ಟೇ.

ಇನ್ನು ಬರವಣಿಗೆ. ನಿಮ್ಮ ಮೊದಲ ಪುಟ ಪೂರ್ತಿ ಸಮುದ್ರದ ಆಳ, ಕತ್ತಲು, ನಿಗೂಢ. ಮೀನು ಬರುವುದು ಎರಡನೇ ಪುಟದ ಕೊನೆಗೆ. ಚಿಕ್ಕ ವೀವರ್ ಕಾಲಿಗೆ ಚುಚ್ಚುವುದು ದಡದ ಹತ್ತಿರ, ಮಕ್ಕಳು ಆಡುವಷ್ಟು ನೀರಿನಲ್ಲಿ. ಅದಕ್ಕೆ ಗಾಳಿಚೀಲ ಇಲ್ಲ, ಈಜು ನಿಲ್ಲಿಸಿದರೆ ತಳಕ್ಕೆ ಇಳಿಯುತ್ತದೆ. ಕಣ್ಣು ಮತ್ತು ಬೆನ್ನಿನ ಕಪ್ಪು ರೆಕ್ಕೆಯ ತುದಿ ಬಿಟ್ಟರೆ ಉಳಿದದ್ದೆಲ್ಲ ಮರಳೊಳಗೆ. ವಿಷ ಇರುವುದು ಆ ರೆಕ್ಕೆಯ ಮುಳ್ಳುಗಳಲ್ಲಿ ಮತ್ತು ಕಿವಿರಿನ ಮುಚ್ಚಳದ ಮುಳ್ಳಿನಲ್ಲಿ. ಇದನ್ನು ಬರೆಯಿರಿ, ಆಳದ ವರ್ಣನೆ ಜಾಸ್ತಿ ಆಯಿತು.

ನೀವು ಉದ್ದಕ್ಕೂ 'ವಿಷಮೀನು' ಎಂದು ಬಳಸಿದ್ದೀರಿ. ಹಾಗಂದರೆ ತಿಂದವರು ಸಾಯುತ್ತಾರೆ ಎಂದು ಓದುಗರು ತಿಳಿಯುತ್ತಾರೆ ಅಲ್ವಾ? ವೀವರ್ ತಿನ್ನುವ ಮೀನು, ಫ್ರಾನ್ಸಿನ ದಕ್ಷಿಣದಲ್ಲಿ ಮೀನಿನ ಸಾರಿಗೆ ಹಾಕುತ್ತಾರೆ. 'ವಿಷದ ಮುಳ್ಳಿನ ಮೀನು' ಎನ್ನಿ, ಗೊಂದಲ ಇರುವುದಿಲ್ಲ.

ಕೊನೆಗೆ, ಚುಚ್ಚಿದ ಜಾಗಕ್ಕೆ ಐಸ್ ಇಡಬೇಕು ಎಂದು ಬರೆದಿದ್ದೀರಿ. ಇದನ್ನು ಖಂಡಿತ ತೆಗೆಯಿರಿ. ಆ ವಿಷ ಪ್ರೋಟೀನು, ಶಾಖಕ್ಕೆ ಕೆಡುತ್ತದೆ. ಸಾಮಾನ್ಯವಾಗಿ ಕೊಡುವ ಸಲಹೆ ಬಿಸಿನೀರು: ಸಹಿಸುವಷ್ಟು ಬಿಸಿ, ಅರ್ಧ ಗಂಟೆಯಾದರೂ. ನೋವಿನಲ್ಲಿ ಬಿಸಿ ಗೊತ್ತಾಗದೆ ಚರ್ಮ ಸುಟ್ಟುಕೊಳ್ಳಬಹುದು, ಅದಕ್ಕೇ ಚುಚ್ಚಿಸಿಕೊಳ್ಳದ ಕಾಲಿನಲ್ಲಿ ಮೊದಲು ನೀರಿನ ಬಿಸಿ ನೋಡಬೇಕು ಎಂದೂ ಸೇರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಈ ಭಾಗವನ್ನು ನೀವು ಬರೆದ ಮೇಲೂ ಒಬ್ಬ ವೈದ್ಯರಿಗೆ ತೋರಿಸಿಯೇ ನಾನು ಅಚ್ಚಿಗೆ ಕೊಡುವುದು. ತಿದ್ದಿದ ಪ್ರತಿ ಈಗಿನದರ ಅರ್ಧದಷ್ಟಿದ್ದರೆ ಸಾಕು.